ಗರ್ಭಧಾರಣೆ, ಗರ್ಭನಿರೋಧ ಮತ್ತು ಶಿಶುವಿನ ಆರೋಗ್ಯ: ದಾವಣಗೆರೆ–ಹರಿಹರ

ಗರ್ಭ ನಿಲ್ಲುವ ಸಾಧ್ಯತೆ ಎಷ್ಟು, ಬೇಡವೆಂದಾಗ ತಡೆಯುವುದು ಹೇಗೆ, ಹುಟ್ಟುವ ಕೂಸು ಗಟ್ಟಿಮುಟ್ಟಾಗಿರಲು ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ವೈದ್ಯಕೀಯ ಪುಸ್ತಕಗಳು ಮೂರು ಅಧ್ಯಾಯಗಳಲ್ಲಿ ಬಿಡಿಸುತ್ತವೆ. ಆಸ್ಪತ್ರೆಗಳಲ್ಲೂ ಮೂರಕ್ಕೂ ಬೇರೆ ಬೇರೆ ಕೊಠಡಿ, ಬೇರೆ ಬೇರೆ ಚೀಟಿ. ಸಂಸಾರದೊಳಗೆ ಇವು ಒಂದೇ ಪ್ರಶ್ನೆಯ ಮೂರು ಮಗ್ಗುಲುಗಳು: ಮಗು ಯಾವಾಗ? ದಾವಣಗೆರೆ ನಗರ ಮತ್ತು ಅಲ್ಲಿಂದ ಸುಮಾರು ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಜಾಗ. 1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜು, ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಎಸ್‌ಎಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬೀದಿಗೊಂದರಂತೆ ಎದ್ದಿರುವ ನರ್ಸಿಂಗ್ ಹೋಮ್‌ಗಳು ಇಲ್ಲಿವೆ. ಹೊಳೆಯಾಚೆಯ ರಾಣೆಬೆನ್ನೂರು ಸೀಮೆಯವರೂ, ಹರಪನಹಳ್ಳಿ, ಚನ್ನಗಿರಿ ಕಡೆಯವರೂ ಹೆರಿಗೆಗೆ ಬರುವುದು ಇಲ್ಲಿಗೇ. ವೈದ್ಯರ ಕೊರತೆ ಇಲ್ಲಿನ ಮುಖ್ಯ ತೊಂದರೆಯಲ್ಲ. ನಮ್ಮ ಕುಟುಂಬ ಯೋಜನೆ ಹೆರುವುದನ್ನು ನಿಲ್ಲಿಸಲು ಚೆನ್ನಾಗಿ ಕಲಿಸಿತು. ಯಾವಾಗ ಶುರು ಮಾಡಬೇಕು, ನಡುವೆ ಎಷ್ಟು ಬಿಡಬೇಕು ಎಂಬುದನ್ನು ಕಲಿಸಲಿಲ್ಲ ಎಂಬುದು ಈ ಲೇಖನದ ವಾದ. ದಂಪತಿಗಳು ವೈದ್ಯರ ಮುಂದಿಡುವ ಸಾಮಾನ್ಯ ಪ್ರಶ್ನೆಗಳಲ್ಲಿ ಬಹುಪಾಲು ಈ ಒಂದು ಕೊರತೆಯಿಂದಲೇ ಹುಟ್ಟಿದವು.

ಮೊದಲು ಸಾಧ್ಯತೆಯ ಲೆಕ್ಕ. ಆರೋಗ್ಯವಂತ ಯುವ ದಂಪತಿ ಯಾವ ತಡೆಯೂ ಇಲ್ಲದೆ ಕೂಡಿದರೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಂಭವ ನಾಲ್ಕು ಅಥವಾ ಐದರಲ್ಲೊಂದು. ಒಂದು ವರ್ಷದೊಳಗೆ ನೂರರಲ್ಲಿ ಎಂಬತ್ತರಿಂದ ಎಂಬತ್ತೈದು ಜೋಡಿಗಳಿಗೆ ಫಲ ಸಿಗುತ್ತದೆ. ಮದುವೆಯಾಗಿ ನಾಲ್ಕು ತಿಂಗಳಿಗೇ 'ಇನ್ನೂ ಏನೂ ವಿಶೇಷ ಇಲ್ಲವಾ' ಎಂದು ಕೇಳುವ ನೆಂಟರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಅಷ್ಟಕ್ಕೇ ಸ್ಕ್ಯಾನಿಂಗ್ ಸೆಂಟರಿಗೆ ಓಡುವ ಸೊಸೆಗೂ ಗೊತ್ತಿರುವುದಿಲ್ಲ. ಅಂಡ ಬಿಡುಗಡೆಯಾದ ಮೇಲೆ ಬದುಕುವುದು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಉಳಿಯಬಲ್ಲದು. ಹಾಗಾಗಿ ತಿಂಗಳಿಗೆ ಫಲವತ್ತಾದ ದಿನಗಳು ಆರು: ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ 221 ಮಹಿಳೆಯರನ್ನು ಗಮನಿಸಿ ಆಲನ್ ವಿಲ್‌ಕಾಕ್ಸ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಖಚಿತಪಡಿಸಿದರು. ಆರು ದಿನಗಳಲ್ಲಿ ಮೊದಲನೆಯ ದಿನ ಗರ್ಭ ನಿಲ್ಲುವ ಸಂಭವ ಶೇ 10, ಕೊನೆಯ ದಿನ ಶೇ 33ರಷ್ಟಿತ್ತು. ಅಂಡ ಬಿಡುಗಡೆಯಾದ ಮರುದಿನದಿಂದ ಗರ್ಭ ನಿಂತದ್ದೇ ಇಲ್ಲ. ಅದೇ ತಂಡ 2000ದಲ್ಲಿ ಪ್ರಕಟಿಸಿದ ಇನ್ನೊಂದು ವಿಶ್ಲೇಷಣೆ ಮತ್ತೂ ಉಪಯುಕ್ತ: ಮುಟ್ಟಾದ ಹತ್ತರಿಂದ ಹದಿನೇಳನೇ ದಿನದೊಳಗೆ ಈ ಆರೂ ದಿನಗಳು ಪೂರ್ತಿ ಬರುವುದು ಶೇ 30ರಷ್ಟು ಮಹಿಳೆಯರಲ್ಲಿ ಮಾತ್ರ. ಎಲ್ಲರ ಬಾಯಲ್ಲೂ ಇರುವ 'ಹದಿನಾಲ್ಕನೇ ದಿನ' ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. ಹದಿನಾಲ್ಕು ದಿನವನ್ನು ಎಣಿಸಬೇಕಾದದ್ದು ಮುಂದಿನ ಮುಟ್ಟಿನಿಂದ ಹಿಂದಕ್ಕೆ. ಆ ಮುಟ್ಟು ಯಾವತ್ತು ಎಂಬುದು ಮೊದಲೇ ತಿಳಿಯುವ ಹಾಗಿಲ್ಲ. ಮಗು ಬೇಕೆನ್ನುವವರು ದಿನ ಎಣಿಸುತ್ತ ಕೂರುವ ಬದಲು ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು, ಆ ಆರು ದಿನಗಳು ತಾವಾಗಿಯೇ ಒಳಗೆ ಬಂದುಬಿಡುತ್ತವೆ.

ಮಗು ಬೇಡವೆಂದು ದಿನ ಎಣಿಸುವವರಿಗೆ ಇದೇ ಅಂಶ ತಿರುಗುಬಾಣ. 'ಸೇಫ್ ದಿನ' ನಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪರದೇಶಕ್ಕೆ ಹೋಗಬೇಕಿಲ್ಲ, ಹಳೆಯ ಮೈಸೂರು ರಾಜ್ಯದ ರಾಮನಗರವೇ ಸಾಕು. ಸ್ವತಂತ್ರ ಭಾರತದ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1950ರ ದಶಕದ ಆರಂಭದಲ್ಲಿ ಈ ದಿನಗಣನೆಯ ವಿಧಾನವನ್ನು ಎರಡು ಕಡೆ ಪ್ರಯೋಗಿಸಿತು: ದೆಹಲಿಯ ಲೋದಿ ಕಾಲೊನಿ ಮತ್ತು ನಮ್ಮ ರಾಮನಗರ. ಸಲಹೆಗಾರರಾಗಿ ಬಂದಿದ್ದ ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್, ಓದು ಬಾರದವರೂ ದಿನ ಎಣಿಸಲೆಂದು ಬೇರೆ ಬೇರೆ ಬಣ್ಣದ ಮಣಿಗಳ ಸರ ರೂಪಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣದ ದಿನಗಳಲ್ಲಿ ಕೂಡಬಹುದು, ಇನ್ನೊಂದರಲ್ಲಿ ಕೂಡದು. ಆರಂಭದಲ್ಲಿ ಆಸಕ್ತಿ ತೋರಿದವರು ಬಹಳ, ಕೊನೆಯವರೆಗೂ ಪಾಲಿಸಿದವರು ಕೆಲವೇ ಮಂದಿ. ಆ ಮಹಿಳೆಯರಿಗೆ ತಿಳಿವಳಿಕೆ ಸಾಲದು ಎಂದು ಆಗ ಷರಾ ಬರೆದವರುಂಟು. ಈ ಷರಾ ಅನ್ಯಾಯದ್ದು. ಮುಟ್ಟು ನಾಲ್ಕು ದಿನ ಆಚೀಚೆಯಾದರೆ ಕೊರಳಿನ ಸರಕ್ಕೆ ಅದು ಗೊತ್ತಾಗುವುದಿಲ್ಲ. ಗಂಡ ಒಪ್ಪದ ರಾತ್ರಿ ಮಣಿಯ ಬಣ್ಣದಿಂದ ಏನೂ ಆಗುವುದಿಲ್ಲ. ಇಂದು ಮೊಬೈಲಿನ ಆ್ಯಪ್ ನೋಡಿ ದಿನ ಎಣಿಸುವವರು ಹೊಸ ಸಾಧನದಲ್ಲಿ ಅದೇ ಹಳೆಯ ಸರವನ್ನು ತೊಟ್ಟಿದ್ದಾರೆ. ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವ ರೂಢಿಯೂ ಇಷ್ಟೇ: ಅದನ್ನೇ ನಂಬಿದ ನೂರು ಜೋಡಿಗಳಲ್ಲಿ ಸುಮಾರು ಇಪ್ಪತ್ತಕ್ಕೆ ವರ್ಷದೊಳಗೆ ಗರ್ಭ ನಿಲ್ಲುತ್ತದೆ.

ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಪರೀಕ್ಷೆಗೆ ಹೋಗಬೇಕು. ಹೋಗಬೇಕಾದವರು ಇಬ್ಬರೂ. ಬಂಜೆತನದ ಪ್ರಕರಣಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಅಗ್ಗದ್ದು, ನೋವಿಲ್ಲದ್ದು, ಒಂದೇ ದಿನದಲ್ಲಿ ಮುಗಿಯುವಂಥದ್ದು. ಆದರೂ ಹೆಂಡತಿಗೆ ಎಲ್ಲ ಬಗೆಯ ಸ್ಕ್ಯಾನ್, ಹಾರ್ಮೋನು ಪರೀಕ್ಷೆ, ಹರಕೆ, ಉಪವಾಸ ಮುಗಿದ ಮೇಲೆಯೇ ಗಂಡನ ಸರದಿ ಬರುವುದು. ವೃಷಣಗಳು ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಣ್ಣಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಎದುರು ದಿನವಿಡೀ ನಿಲ್ಲುವವರು, ಫೌಂಡ್ರಿ ಕುಲುಮೆಯ ಮುಂದೆ ದುಡಿಯುವವರು, ಲಾರಿ ಎಂಜಿನ್ನಿನ ಕಾವಿನ ಮೇಲೆ ಕೂತು ಹೆದ್ದಾರಿ ಸವೆಸುವವರು ತಮ್ಮ ಕೆಲಸ ಎಂಥದ್ದೆಂದು ವೈದ್ಯರಿಗೆ ಹೇಳಲೇಬೇಕು. ವೈದ್ಯರು ಕೇಳದಿದ್ದರೂ ಹೇಳಬೇಕು. ಒಂದು ವೀರ್ಯಾಣು ಬೆಳೆದು ಹೊರಬೀಳಲು ಎರಡು ತಿಂಗಳಿಗೂ ಮೇಲೆ ಹಿಡಿಯುವುದರಿಂದ ಕಾವು, ಬೀಡಿ, ಗುಟ್ಕಾ, ಕುಡಿತ ಬಿಟ್ಟದ್ದರ ಫಲ ಕಾಣಲೂ ಅಷ್ಟೇ ಕಾಲ ಬೇಕು.

ಇನ್ನು ಗರ್ಭನಿರೋಧದ ಇತಿಹಾಸ. ದಾವಣಗೆರೆ, ಹರಿಹರ ಎರಡೂ ಸ್ವಾತಂತ್ರ್ಯಕ್ಕೆ ಮುಂಚೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು, ಮೈಸೂರು ಸಂಸ್ಥಾನದ ಉತ್ತರದ ಗಡಿ. ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ಜೂನ್‌ನಲ್ಲಿ, ಮೈಸೂರು ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಸರ್ಕಾರವೊಂದು ಜಗತ್ತಿನಲ್ಲೇ ಮೊದಲು ಇಟ್ಟ ಹೆಜ್ಜೆ ಇದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಇಡೀ ದೇಶಕ್ಕೆ ಕುಟುಂಬ ಯೋಜನಾ ಕಾರ್ಯಕ್ರಮ ಬಂದದ್ದು 1952ರಲ್ಲಿ. ಮುಂದೆ ಗುರಿ, ಕ್ಯಾಂಪು, ಪ್ರೋತ್ಸಾಹಧನಗಳ ಕಾಲ ಬಂತು. ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ಸಂತಾನಹರಣ ಆಪರೇಷನ್ ಮಾಡಿಸಿದ ಕೆಟ್ಟ ಹೆಸರಿನ ಬಳಿಕ ಇಡೀ ಭಾರ ಹೆಂಗಸಿನ ಹೊಟ್ಟೆಯ ಮೇಲೆ ಬಿತ್ತು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಕಥೆಯ ಫಲಿತಾಂಶವನ್ನು ಅಂಕಿಗಳಲ್ಲಿ ಇಡುತ್ತದೆ. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಹುಟ್ಟುವ ಮಕ್ಕಳ ಸರಾಸರಿ 1.7, ಜನಸಂಖ್ಯೆ ಸಮಸ್ಥಿತಿಗೆ ಬೇಕಾದ 2.1ಕ್ಕಿಂತ ಸಾಕಷ್ಟು ಕಡಿಮೆ. ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಪರೇಷನ್ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಈ ಪ್ರಮಾಣ ಶೇ 38ರ ಆಸುಪಾಸು. ಗಂಡಸರ ಆಪರೇಷನ್ ಶೂನ್ಯಕ್ಕೆ ಅಂಟಿಕೊಂಡಿದೆ. ವಂಕಿ (ಕಾಪರ್-ಟಿ), ಮಾತ್ರೆ, ನಿರೋಧ್, ಚುಚ್ಚುಮದ್ದು ಎಲ್ಲ ಸೇರಿದರೂ ಆಪರೇಷನ್ನಿನ ಹತ್ತಿರ ಬರುವುದಿಲ್ಲ.

ಇದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ಇಬ್ಬರು ಮಕ್ಕಳಾದ ಮೇಲೆ ಹೆಂಗಸೇ ಮುಂದೆ ಬಂದು, ಒಮ್ಮೆ ಮಾಡಿಸಿ ನಿಶ್ಚಿಂತಳಾಗುತ್ತಾಳೆ. ದಿನಾ ಮಾತ್ರೆ ನೆನಪಿಡುವ ತಾಪತ್ರಯವಿಲ್ಲ, ಗಂಡನನ್ನು ಕೇಳಿಕೊಳ್ಳುವ ಅಗತ್ಯವಿಲ್ಲ. ವಿಫಲವಾಗುವುದು ಸಾವಿರಕ್ಕೆ ಐದರಷ್ಟು. ಈ ಆಕ್ಷೇಪದಲ್ಲಿ ಹುರುಳಿದೆ. ಆಪರೇಷನ್ ತನ್ನ ಪಾಲಿನ ಕೆಲಸ ಮಾಡಿದೆ. ತಕರಾರು ಇರುವುದು ಅದು ಒಂದೇ ಬಾಗಿಲಾಗಿರುವುದರ ಬಗ್ಗೆ. ಆಪರೇಷನ್ನೊಂದನ್ನೇ ಬಲ್ಲ ಸಂಸಾರದ ಕ್ರಮ ಹೀಗಿರುತ್ತದೆ: ಹದಿನೆಂಟು ಹತ್ತೊಂಬತ್ತಕ್ಕೆ ಮದುವೆ, ವರ್ಷದೊಳಗೆ ಮೊದಲ ಮಗು, ಅದರ ಹಿಂದೆಯೇ ಎರಡನೆಯದು, ಇಪ್ಪತ್ತೈದು ತುಂಬುವ ಆಸುಪಾಸಿನಲ್ಲಿ ಆಪರೇಷನ್. ಹದಿನೆಂಟೂ ತುಂಬದೆ ಮದುವೆಯಾದವರು ಕರ್ನಾಟಕದಲ್ಲಿ ಐದರಲ್ಲೊಬ್ಬರು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಹೆರಿಗೆಗಳೆಲ್ಲ ದೇಹ ಇನ್ನೂ ಬಲಿಯದ, ರಕ್ತ ಇನ್ನೂ ತುಂಬದ ವರ್ಷಗಳಲ್ಲಿ ಒತ್ತಾಗಿ ಮುಗಿದುಹೋಗುತ್ತವೆ. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಅಂತರ ತೀರಾ ಕಡಿಮೆಯಾದಷ್ಟೂ ದಿನ ತುಂಬದ ಹೆರಿಗೆ, ಕಡಿಮೆ ತೂಕದ ಮಗು, ತಾಯಿಗೆ ರಕ್ತಹೀನತೆ ಹೆಚ್ಚು. ಸಾಲು ಹಿಡಿಸಿ ಆಪರೇಷನ್ ಮಾಡುವ ಕ್ಯಾಂಪುಗಳು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರದಲ್ಲಿ 13 ಹೆಂಗಸರು ಸತ್ತದ್ದೇ ಸಾಕ್ಷಿ. ಅಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ಕೈಬಿಡಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಇದಕ್ಕೆ ಹೋಲಿಸಿದರೆ ಗಂಡಸಿನ ಆಪರೇಷನ್ನಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಹೊಲಿಗೆಯೂ ಬೇಡ, ಕೆಲವೇ ನಿಮಿಷದ ಕೆಲಸ. ಮೂರು ತಿಂಗಳು ಬೇರೆ ಎಚ್ಚರಿಕೆ ವಹಿಸಿ, ವೀರ್ಯದಲ್ಲಿ ಅಣುಗಳಿಲ್ಲವೆಂದು ಪರೀಕ್ಷಿಸಿಕೊಂಡರೆ ಆಯಿತು. 'ಶಕ್ತಿ ಹೋಗುತ್ತದೆ, ಭಾರ ಎತ್ತಲಾಗುವುದಿಲ್ಲ' ಎಂಬ ಭಯಕ್ಕೆ ದೇಹಶಾಸ್ತ್ರದಲ್ಲಿ ಆಧಾರವಿಲ್ಲ: ಕತ್ತರಿಸುವುದು ವೀರ್ಯಾಣು ಸಾಗುವ ನಾಳವನ್ನು, ಗಂಡಸುತನದ ಹಾರ್ಮೋನು ರಕ್ತದಲ್ಲಿ ಹರಿಯುತ್ತಲೇ ಇರುತ್ತದೆ.

ಅಂತರ ಬಿಡುವ ಸಾಧನಗಳು ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲವೆಂದಲ್ಲ. ಹತ್ತು ವರ್ಷದ ಮತ್ತು ಐದು ವರ್ಷದ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕುವ 'ಅಂತರಾ' ಚುಚ್ಚುಮದ್ದು, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಹಾರ್ಮೋನ್‌ರಹಿತ 'ಛಾಯಾ' ಮಾತ್ರೆ, ದಿನದ 'ಮಾಲಾ-ಎನ್', ನಿರೋಧ್ ಎಲ್ಲವೂ ಉಚಿತ. ಛಾಯಾವನ್ನು ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗಬೇಕು. ದಿನದ ಮಾತ್ರೆಯನ್ನು ಒಂದೂ ತಪ್ಪದೆ ನುಂಗಿದರೆ ಸೋಲುವುದು ತೀರಾ ಅಪರೂಪ. ಮರೆವು ಸಹಜವಾದ ನಿತ್ಯಜೀವನದಲ್ಲಿ ಅಮೆರಿಕದ ಅಂದಾಜಿನ ಪ್ರಕಾರ ವರ್ಷಕ್ಕೆ ನೂರರಲ್ಲಿ ಏಳು ಮಂದಿಗೆ ಗರ್ಭ ನಿಲ್ಲುತ್ತದೆ, ನಿರೋಧ್‌ನಲ್ಲಿ ಹದಿಮೂರು ಮಂದಿಗೆ. ಕಾಪರ್-ಟಿಯಲ್ಲಿ ಒಬ್ಬರಿಗಿಂತ ಕಡಿಮೆ. ಅದಕ್ಕೆ ದಿನನಿತ್ಯ ನೆನಪಿಡುವ ಕೆಲಸವೇ ಇಲ್ಲವಲ್ಲ. ಹಾಗಿದ್ದೂ ಹೊಸದಾಗಿ ಮದುವೆಯಾದವರು ಇವುಗಳ ಹತ್ತಿರ ಸುಳಿಯುವುದಿಲ್ಲ. ಕಾರಣ ಒಂದು ಭಯ: ಮೊದಲ ಮಗುವಿಗೆ ಮುಂಚೆ ಏನಾದರೂ ತೆಗೆದುಕೊಂಡರೆ ಮುಂದೆ ಮಕ್ಕಳೇ ಆಗುವುದಿಲ್ಲ. ಮಾತ್ರೆ ಅಥವಾ ಕಾಪರ್-ಟಿ ಬಿಟ್ಟವರಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುವ ಪ್ರಮಾಣ, ಏನನ್ನೂ ಬಳಸದವರ ಪ್ರಮಾಣಕ್ಕೆ ಸರಿಸಮನಾಗಿದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಚುಚ್ಚುಮದ್ದಿಗೆ ಮಾತ್ರ ಒಂದು ಮಾತು ಸೇರಿಸಬೇಕು: ಕೊನೆಯ ಸೂಜಿಯ ನಂತರ ಫಲವತ್ತತೆ ಮರಳಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು, ಆದರೆ ಮರಳುತ್ತದೆ. ಈ ಭಯ ಗಟ್ಟಿಯಾಗಿ ಉಳಿದಿರುವುದಕ್ಕೆ ಲೆಕ್ಕದ ಒಂದು ಮೋಸವೂ ಕಾರಣ. ಏನೂ ಬಳಸದೆಯೂ ನೂರರಲ್ಲಿ ಕನಿಷ್ಠ ಹದಿನೈದು ಜೋಡಿಗಳಿಗೆ ವರ್ಷದೊಳಗೆ ಗರ್ಭ ನಿಲ್ಲುವುದಿಲ್ಲ. ಆ ಹದಿನೈದರಲ್ಲಿ ಯಾರಾದರೂ ಮೊದಲು ಮಾತ್ರೆ ನುಂಗಿದ್ದರೆ ಓಣಿಯೆಲ್ಲ ತಪ್ಪನ್ನು ಮಾತ್ರೆಯ ತಲೆಗೆ ಕಟ್ಟುತ್ತದೆ.

ಅಡ್ಡಪರಿಣಾಮಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಕಾಪರ್-ಟಿಯಿಂದ ಮೊದಲ ತಿಂಗಳುಗಳಲ್ಲಿ ಮುಟ್ಟಿನ ರಕ್ತ ಹೆಚ್ಚಬಹುದು, ಅಂತರಾದಿಂದ ಮುಟ್ಟು ಏರುಪೇರಾಗಬಹುದು ಅಥವಾ ನಿಂತೇ ಹೋಗಬಹುದು. ಕೂಸಿಗೆ ಆರು ತಿಂಗಳಾಗುವವರೆಗೆ ಹಾಲೂಡುವ ತಾಯಿಗೆ ಮಾಲಾ-ಎನ್ ತಕ್ಕದ್ದಲ್ಲ. ಬಿಪಿ ಇರುವವರು, 35 ದಾಟಿ ಧೂಮಪಾನ ಮಾಡುವವರು ಅದನ್ನು ದೂರವಿಡಬೇಕು. ಇವನ್ನು ಮೊದಲೇ ತಿಳಿಸಿದರೆ ಹೆಂಗಸರು ಸಹಿಸುತ್ತಾರೆ, ಇಲ್ಲವೇ ಬೇರೆಯದನ್ನು ಆರಿಸುತ್ತಾರೆ. ತಿಳಿಸದೆ ಹೆರಿಗೆ ಕೋಣೆಯಲ್ಲೇ ವಂಕಿ ಹಾಕಿ ಕಳಿಸಿದರೆ ತಿಂಗಳೊಳಗೆ ತೆಗೆಸಿಕೊಂಡು, ಹತ್ತು ಜನರಿಗೆ ಬೇಡವೆಂದು ಹೇಳುತ್ತಾರೆ. ಹೇಳುವುದು ಸರಿಯೇ.

ನಮ್ಮ ಕಡೆಯ ಬಾಣಂತನದ ಪದ್ಧತಿ ಈ ವಿಷಯದಲ್ಲಿ ಒಂದು ವಿಚಿತ್ರ ಬಿರುಕು ಉಂಟುಮಾಡಿದೆ. ಆರೋಗ್ಯ ಇಲಾಖೆಯ ಕರಪತ್ರಗಳಲ್ಲಿ ಅದರ ಪ್ರಸ್ತಾಪ ಕಾಣುವುದು ಅಪರೂಪ. ಕುಬುಸ (ಸೀಮಂತ) ಮುಗಿಸಿ ತವರಿಗೆ ಹೋದ ಹೆಣ್ಣುಮಗಳು ಹೆರಿಗೆಯಾಗಿ ಮೂರೋ ಐದೋ ತಿಂಗಳು ಅಲ್ಲೇ ಇರುತ್ತಾಳೆ. ಆ ತಿಂಗಳುಗಳಲ್ಲಿ ಗರ್ಭನಿರೋಧದ ಮಾತೇ ಏಳುವುದಿಲ್ಲ, ಗಂಡನೇ ದೂರ. ಹಾಲೂಡುವುದರಿಂದ ಸಿಗುವ ಸಹಜ ರಕ್ಷಣೆಗೆ ಮೂರು ಷರತ್ತುಗಳಿವೆ: ಹೆರಿಗೆಯಾಗಿ ಆರು ತಿಂಗಳೊಳಗಿರಬೇಕು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರೂ ಇದ್ದರೆ ರಕ್ಷಣೆ ಶೇ 98. ಅವಳು ಗಂಡನ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಈ ಷರತ್ತುಗಳು ಒಂದೊಂದಾಗಿ ಕಳಚುತ್ತಿರುತ್ತವೆ. ಮೇಲುಹಾಲು ಶುರುವಾಗಿರುತ್ತದೆ, ಆರನೇ ತಿಂಗಳು ಹತ್ತಿರ ಬಂದಿರುತ್ತದೆ. 'ಇನ್ನೂ ಮುಟ್ಟೇ ಆಗಿಲ್ಲವಲ್ಲ' ಎಂದು ಸುಮ್ಮನಿದ್ದವರು ಮುಟ್ಟೇ ಆಗದೆ ಬಸುರಾಗುತ್ತಾರೆ, ಯಾಕೆಂದರೆ ಮೊದಲ ಮುಟ್ಟಿಗಿಂತ ಎರಡು ವಾರ ಮೊದಲೇ ಅಂಡ ಬಿಡುಗಡೆಯಾಗಿರಬಹುದು. ಇತ್ತ ಬಸುರಿಯಾಗಿದ್ದಾಗ ಬರೆಸಿದ 'ತಾಯಿ ಕಾರ್ಡು' ಒಂದೂರಿನದು, ಹೆರಿಗೆ ಇನ್ನೊಂದೂರಿನ ಆಸ್ಪತ್ರೆಯಲ್ಲಿ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಬೇರೆ. ತವರಿನ ಆಶಾ ಬಾಣಂತನ ನೋಡಿದವಳು, ಗಂಡನ ಮನೆಯ ಆಶಾ ಬಸುರಿಯನ್ನು ನೋಡಿದವಳು. ಹರಿಹರದ ಸೊಸೆ ಹೊನ್ನಾಳಿಯ ತವರಿನಿಂದ ಮರಳುವ ವಾರ ಇಬ್ಬರ ಲೆಕ್ಕಕ್ಕೂ ಸಿಗುವುದಿಲ್ಲ. ಹೆರಿಗೆಯಾದ 48 ಗಂಟೆಯೊಳಗೆ ವಂಕಿ ಹಾಕುವ ಸೌಲಭ್ಯ ದೊಡ್ಡ ಆಸ್ಪತ್ರೆಗಳಲ್ಲಿದೆ. ಆ ಹೊತ್ತಿನಲ್ಲಿ ನಿರ್ಧಾರ ಕೇಳಿದರೆ ಪಕ್ಕದಲ್ಲಿರುವವಳು ತಾಯಿ. ತಾಯಿ ಬೀಗರನ್ನು ಕೇಳದೆ ಹೂಂ ಅನ್ನುವುದಿಲ್ಲ. ಈ ಮಾತು ಏಳನೇ ತಿಂಗಳ ತಪಾಸಣೆಯಲ್ಲೇ, ಗಂಡನ ಎದುರಿನಲ್ಲೇ ಆಗಿಬಿಡಬೇಕು.

ತಪ್ಪಿದಾಗ ಏನು? ನಿರೋಧ್ ಹರಿದರೆ, ಮಾತ್ರೆ ಮರೆತರೆ, 72 ಗಂಟೆಯೊಳಗೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರಲ್ ಮಾತ್ರೆ ನುಂಗಬಹುದು. ಬೇಗ ನುಂಗಿದಷ್ಟೂ ಒಳ್ಳೆಯದು. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಅದಕ್ಕಿಂತಲೂ ಖಾತ್ರಿ. ತುರ್ತು ಮಾತ್ರೆ ನಿಂತ ಗರ್ಭವನ್ನು ಇಳಿಸುವುದಿಲ್ಲ, ಮುಂದಿನ ದಿನಗಳಿಗೆ ಕಾವಲೂ ಅಲ್ಲ. ಮುಟ್ಟು ತಪ್ಪಿದರೆ ಆಶಾ ಬಳಿ ಸಿಗುವ 'ನಿಶ್ಚಯ್' ಕಿಟ್‌ನಲ್ಲಿ ಮೂತ್ರ ಪರೀಕ್ಷೆ ಮಾಡಿಕೊಳ್ಳಬಹುದು. 1971ರ ಗರ್ಭಪಾತ ಕಾನೂನು 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶ ಕೊಡುತ್ತದೆ. ವಯಸ್ಕ ಮಹಿಳೆಯ ಒಪ್ಪಿಗೆ ಸಾಕು, ಗಂಡನ ಸಹಿ ಬೇಕೆಂದು ಕಾನೂನಿನಲ್ಲಿಲ್ಲ. ಅವಿವಾಹಿತರಿಗೂ ಇದೇ ಹಕ್ಕೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಗುಳಿಗೆ ತಂದು ನುಂಗುವುದು ಅಪಾಯದ ಕೆಲಸ: ಗರ್ಭ ನಾಳದಲ್ಲಿ ನಿಂತಿದ್ದರೆ ಆ ಗುಳಿಗೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಬರುತ್ತದೆ.

ಆರೋಗ್ಯವಂತ ಮಗುವಿನ ಪ್ರಶ್ನೆಯಲ್ಲಿ 'ಯಾವಾಗ' ಎಂಬುದರ ತೂಕ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಭ್ರೂಣದ ಮೆದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಅಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ; ಸರಿಯಾಗಿ ಮುಚ್ಚದಿದ್ದರೆ ಬೆನ್ನು ಸೀಳಿದ ಮಗು, ತಲೆಬುರುಡೆ ಬೆಳೆಯದ ಮಗು. ಹಿಂದೆ ಅಂಥ ಮಗು ಹೆತ್ತ ತಾಯಂದಿರಿಗೆ ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ ಮತ್ತೆ ಹಾಗಾಗುವುದು ಶೇ 72ರಷ್ಟು ತಪ್ಪುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ 1991ರಲ್ಲಿ ತೋರಿಸಿತು. ಎಲ್ಲ ಮಹಿಳೆಯರಿಗೂ ಗರ್ಭಕ್ಕೆ ಮುಂಚಿನಿಂದ ಮೊದಲ ಮೂರು ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಎಂಬುದು ಇಂದಿನ ಸಲಹೆ. ಆದರೆ ತಾಯಿ ಕಾರ್ಡು ಬರೆಸುವುದೇ ಎರಡನೇ ಮೂರನೇ ತಿಂಗಳಲ್ಲಿ. ಮಾತ್ರೆ ಕೈಗೆ ಬರುವಾಗ ನಾಳ ಮುಚ್ಚಿಯಾಗಿದೆ, ಅಥವಾ ಮುಚ್ಚದೆ ಉಳಿದಿದೆ. ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಫೋಲಿಕ್ ಆಮ್ಲ ಇದೆಯಲ್ಲ ಎನ್ನಬಹುದು. 'ಪ್ಲಾಸ್ಟಿಕ್ ಅಕ್ಕಿ' ಎಂದು ಕೆಲವರು ಆರಿಸಿ ಬಿಸಾಡುವ ಕಾಳು ಅದೇ. ನಿಗದಿಯ ಪ್ರಕಾರ ಒಂದು ಕಿಲೋ ಅಕ್ಕಿಯಲ್ಲಿ 75ರಿಂದ 125 ಮೈಕ್ರೋಗ್ರಾಂ. ದಿನಕ್ಕೆ ಅರ್ಧ ಕಿಲೋ ಅಕ್ಕಿಯ ಅನ್ನ ಉಂಡರೂ ಹೆಚ್ಚೆಂದರೆ ಅರವತ್ತರ ಸುಮಾರು ಸಿಗುತ್ತದೆ. ಸೊಪ್ಪು, ಕಾಳು ಸೇರಿಸಿದರೂ 400ರ ಮಾತ್ರೆಯ ಜಾಗ ತುಂಬುವುದು ಕಷ್ಟ. ಭದ್ರಾ ನಾಲೆಯ ನೀರಿನಿಂದ ಭತ್ತ ತುಂಬಿ ತುಳುಕುವ ಸೀಮೆಯಲ್ಲೇ ಊಟದ ಈ ಕೊರತೆ ಇದೆ.

ರಕ್ತಹೀನತೆಯದೂ ಇದೇ ಕಥೆ. 2019–21ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಸುಮಾರು ಶೇ 46 ಮಂದಿಗೆ ರಕ್ತ ಕಡಿಮೆ. ಗರ್ಭಿಣಿಯರಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ಬಸಿರು ತಂದ ರೋಗವಲ್ಲ ಇದು, ಬಸಿರಿಗೆ ಮುಂಚಿನಿಂದ ಬಂದದ್ದು. 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನು 180 ದಿನ ನುಂಗಬೇಕು. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹುಳಿ ಹಿಂಡಿದರೆ ಹತ್ತುತ್ತದೆ. ಮಲ ಕಪ್ಪಾಯಿತೆಂದು, ಮಗು ಕಪ್ಪಾಗುತ್ತದೆಂದು ಮಾತ್ರೆ ಬಿಡುವವರಿದ್ದಾರೆ. ಮಗುವಿನ ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ, ಕೇಸರಿ ಹಾಲಿಗೂ ಇಲ್ಲ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಮೂರ್ಛೆರೋಗಕ್ಕೆ ಮದ್ದು ತೆಗೆದುಕೊಳ್ಳುವವರು ಗರ್ಭಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು, ಯಾಕೆಂದರೆ ಅಂಗಗಳು ರೂಪುಗೊಳ್ಳುವ ಮೊದಲ ವಾರಗಳಲ್ಲೇ ಏರಿದ ಸಕ್ಕರೆ, ಹೊಂದದ ಮಾತ್ರೆ ಹಾನಿ ಮಾಡುವುದು. ಭಟ್ಟಿಯ ಹೊಗೆಯಲ್ಲಿ ಅಥವಾ ಕಟ್ಟಿಗೆ ಒಲೆಯ ಮುಂದೆ ದುಡಿಯುವ ಬಸುರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. 'ನಮ್ಮ ಅಜ್ಜಿ ಯಾವ ಮಾತ್ರೆಯೂ ಇಲ್ಲದೆ ಹತ್ತು ಹೆತ್ತಳು' ಎಂಬ ವಾದ ಬಂದೇ ಬರುತ್ತದೆ. ಹತ್ತು ಹೆತ್ತ ಅಜ್ಜಿಯ ಎಷ್ಟು ಮಕ್ಕಳು ಬದುಕಿದರೆಂದು ಅದೇ ಮನೆಯಲ್ಲಿ ವಿಚಾರಿಸಿದರೆ ಉತ್ತರ ಸಿಗುತ್ತದೆ. ಹೆರಿಗೆಯಲ್ಲೇ ಹೋದ ಅಜ್ಜಿಯರ ಮಾತು ಹೇಳಲು ಯಾರೂ ಉಳಿದಿಲ್ಲ.

ಸಂಬಂಧದೊಳಗಿನ ಮದುವೆಯ ಪ್ರಶ್ನೆಗೆ ಇಲ್ಲಿ ಸ್ವಲ್ಪ ಜಾಗ ಬೇಕು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದ ರಾಧಾ ರಮಾದೇವಿ, ಎನ್. ಅಪ್ಪಾಜಿ ರಾವ್ ಮತ್ತು ಎ.ಎಚ್. ಬಿಟಲ್ಸ್ ಅವರ ಅಧ್ಯಯನದಲ್ಲಿ ಮೂರರಲ್ಲೊಂದು ಜೋಡಿ ಹತ್ತಿರದ ಸಂಬಂಧಿಗಳದ್ದಾಗಿತ್ತು. ಅದರಲ್ಲೂ ಹೆಚ್ಚಿನವು ಸೋದರಮಾವ–ಅಕ್ಕನ ಮಗಳ ಮದುವೆಗಳು. ಇಂದಿಗೂ ರಾಜ್ಯದಲ್ಲಿ ಸುಮಾರು ಕಾಲುಭಾಗ ಮದುವೆಗಳು ನೆಂಟರೊಳಗೇ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನಿಂದ ಏನಾದರೊಂದು ಗಂಭೀರ ತೊಂದರೆ ಇರುತ್ತದೆ. ಅತ್ತೆ ಮಾವನ ಮಕ್ಕಳೊಳಗಿನ ಮದುವೆಯಲ್ಲಿ ಇದು ಸುಮಾರು ಇಮ್ಮಡಿ. ಸೋದರಮಾವನ ಜೊತೆಗಾದರೆ ಮಗುವಿಗೆ ಎರಡೂ ಕಡೆಯಿಂದ ಒಂದೇ ವಂಶವಾಹಿ ಬರುವ ಸಂಭವ ಹದಿನಾರರಲ್ಲೊಂದರಿಂದ ಎಂಟರಲ್ಲೊಂದಕ್ಕೆ ಏರುತ್ತದೆ. 'ನಮ್ಮ ಮನೆತನದಲ್ಲಿ ಮೂರು ತಲೆಮಾರು ಹೀಗೇ ಆಗಿದೆ, ಏನೂ ಆಗಿಲ್ಲ' ಎನ್ನುವವರ ಮಾತು ಸುಳ್ಳಲ್ಲ. ನೂರರಲ್ಲಿ ತೊಂಬತ್ತಕ್ಕೂ ಮೇಲೆ ಏನೂ ಆಗುವುದಿಲ್ಲ. ಆದರೆ ಕಿವುಡುತನವೋ ಬುದ್ಧಿಮಾಂದ್ಯತೆಯೋ ಒಮ್ಮೆ ಮನೆಯಲ್ಲಿ ಕಾಣಿಸಿಕೊಂಡಿದ್ದರೆ, ಮುಂದಿನ ನೆಂಟಸ್ತಿಕೆಗೆ ಮೊದಲೇ ಅನುವಂಶೀಯ ಸಲಹೆ ಪಡೆಯಬೇಕು. ಹುಟ್ಟಿದ ಮೇಲೆ ಪರೀಕ್ಷೆ ಮಾಡಿಸುವಷ್ಟರಲ್ಲಿ ತಡವಾಗಿರುತ್ತದೆ. ವಂಶವಾಹಿಯ ಮಾತು ಬಂದಾಗ ಇದನ್ನೂ ಹೇಳಬೇಕು: ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುವ ವಿಷಯ. ಅದನ್ನು ಹೊಟ್ಟೆಯಲ್ಲಿರುವಾಗ ಪತ್ತೆ ಮಾಡಿ ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ.

ಇಷ್ಟೆಲ್ಲ ತಿಳಿವಳಿಕೆ ಗರ್ಭಕ್ಕೆ ಮೊದಲೇ ತಲುಪಬೇಕೆಂದರೆ ಎಲ್ಲಿ, ಯಾರು ತಲುಪಿಸಬೇಕು? ಮದುವೆಗೂ ಮೊದಲ ಬಸಿರಿಗೂ ನಡುವಿನ ತಿಂಗಳುಗಳಲ್ಲಿ ಆರೋಗ್ಯ ಇಲಾಖೆಯವರು ಆ ಹುಡುಗಿಯನ್ನು ಭೇಟಿಯಾಗುವುದು ಕಡಿಮೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಸಿಗುತ್ತಿತ್ತು, ಶಾಲೆ ಬಿಟ್ಟ ಮೇಲೆ ನಿಂತಿತು. 20ರಿಂದ 49ರ ಮಹಿಳೆಯರಿಗೆಲ್ಲ ವಾರಕ್ಕೊಂದು ಎಂದು 2018ರ ರಕ್ತಹೀನತೆಮುಕ್ತ ಭಾರತ ಕಾರ್ಯಕ್ರಮದಲ್ಲಿದೆ, ಅದು ಹೊಸ ಸೊಸೆಯ ಕೈಗೆ ಬರುವುದು ಅಪರೂಪ. ಹರಿಹರ ತಾಲ್ಲೂಕು ಗುರುಪೀಠಗಳ ತಾಲ್ಲೂಕು. ಈ ಸೀಮೆಯ ಮಠಗಳ, ಜಾತ್ರೆಗಳ ಸಾಮೂಹಿಕ ವಿವಾಹಗಳಲ್ಲಿ ವಧೂವರರ ವಯಸ್ಸಿನ ದಾಖಲೆ ನೋಡುವ ಕ್ರಮ ಆಗಲೇ ಇದೆ. ಅದೇ ಮೇಜಿನ ಮೇಲೆ ಫೋಲಿಕ್ ಮಾತ್ರೆಯ ಪೊಟ್ಟಣ, ಛಾಯಾ, ನಿರೋಧ್ ಇಟ್ಟು, ಹಿಮೋಗ್ಲೋಬಿನ್ ನೋಡಲು ಒಬ್ಬ ನರ್ಸಮ್ಮ ಕೂತರೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯೂ ಬೇಡ. ಮಠದ ಪೆಂಡಾಲಿನಲ್ಲಿ ನಿರೋಧ್ ಇಡುವುದು ಸಭ್ಯವೇ ಎಂಬ ಆಕ್ಷೇಪ ಬರುತ್ತದೆ. ಬಂದರೆ ಪೊಟ್ಟಣದೊಳಗೆ ಮುಚ್ಚಿ ಕೊಡಬಹುದು, ಕೊಡುವುದನ್ನು ವಿವಾಹ ನೋಂದಣಿ ಕಚೇರಿಯಲ್ಲೂ ಮುಂದುವರಿಸಬಹುದು. ತಾಳಿ ಕಟ್ಟಿದ ಮರುತಿಂಗಳೇ ಬಸುರಾಗಲು ಒಪ್ಪಿದವಳಿಗೆ ಫೋಲಿಕ್ ಮಾತ್ರೆ ಆ ದಿನವೇ ಶುರುವಾಗುತ್ತದೆ, ಎರಡು ವರ್ಷ ತಡೆಯುತ್ತೇನೆ ಎಂದವಳಿಗೆ ಛಾಯಾ.